ಬ್ಯಾಡಗಿಯ ಗೋದಾಮನ್ನು ಹುಬ್ಬಳ್ಳಿಯಿಂದ ನೋಡಬೇಕಾದರೆ

ಮೆಣಸಿನಕಾಯಿ ಗೋದಾಮಿಗೆ ಕ್ಯಾಮೆರಾ ಹಾಕಿಸುವವರು ಮೊದಲು ರೌಟರ್‌ನ ಸೆಟ್ಟಿಂಗ್ ಪುಟ ತೆರೆದು ವ್ಯಾನ್ (WAN) ಐಪಿ ವಿಳಾಸ, ಅಂದರೆ ಇಂಟರ್ನೆಟ್ ಕಂಪನಿ ರೌಟರ್‌ಗೆ ಕೊಟ್ಟ ವಿಳಾಸ ನೋಡಿ. ಅದು 10ರಿಂದ ಅಥವಾ 100.64ರಿಂದ 100.127ರ ನಡುವಿನ ಅಂಕಿಯಿಂದ ಆರಂಭವಾಗಿದ್ದರೆ, ನಿಮ್ಮ ಸಂಪರ್ಕ ಹಲವು ಗ್ರಾಹಕರು ಹಂಚಿಕೊಂಡ ವಿಳಾಸದ ಹಿಂದಿದೆ. ಸಿಮ್ ಹಾಕುವ ರೌಟರ್‌ಗಳಲ್ಲಿ ಇದು ಸಾಮಾನ್ಯ. ಅಲ್ಲಿ ಪೋರ್ಟ್ ಫಾರ್ವರ್ಡಿಂಗ್ (ಹೊರಗಿನಿಂದ ಬಂದ ಸಂಪರ್ಕವನ್ನು ರೌಟರ್ ಒಳಗಿನ ಸಾಧನಕ್ಕೆ ದಾಟಿಸುವ ಸೆಟ್ಟಿಂಗ್) ಎಷ್ಟು ಮಾಡಿದರೂ ಹೊರಗಿನಿಂದ ಚಿತ್ರ ಬಾರದು. ನಮ್ಮಲ್ಲಿ ಕ್ಯಾಮೆರಾ ಕೂಡಿಸಿದವರು ಇದೇ ಕೆಲಸಕ್ಕೆ ಎರಡು ದಿನ ವ್ಯರ್ಥ ಮಾಡಿದರು. ಕೊನೆಗೆ ಕ್ಯಾಮೆರಾಗಳ ಚಿತ್ರ ದಾಖಲಿಸುವ ರೆಕಾರ್ಡರ್‌ನಲ್ಲಿ ಪಿ2ಪಿ (ತಯಾರಕರ ಸರ್ವರ್ ನೆರವಿನಿಂದ ಮೊಬೈಲ್‌ಗೆ ಜೋಡಿಸುವ) ಆಯ್ಕೆ ಚಾಲೂ ಮಾಡಿ, ಅದರ ಕ್ಯೂಆರ್ ಕೋಡನ್ನು ಮೊಬೈಲ್‌ನಲ್ಲಿ ಸ್ಕ್ಯಾನ್ ಮಾಡಿದಾಗ ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು.

ಪಾಸ್‌ವರ್ಡ್ ವಿಷಯದಲ್ಲಿ ದಯವಿಟ್ಟು ಅಸಡ್ಡೆ ಬೇಡ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಕಾರ್ಖಾನೆಯ ಪಾಸ್‌ವರ್ಡ್ ಬದಲಿಸದ ಕ್ಯಾಮೆರಾ, ರೆಕಾರ್ಡರ್‌ಗಳನ್ನೇ ಲಕ್ಷಗಟ್ಟಲೆ ವಶಪಡಿಸಿಕೊಂಡಿತ್ತು. ಕೂಡಿಸಿದವರು ಇಟ್ಟ ಪಾಸ್‌ವರ್ಡನ್ನು ಅವರು ಹೊರಟ ಕೂಡಲೇ ನೀವೇ ಬದಲಿಸಿ. ಮನೆಯವರಿಗೆ ನೋಡುವ ಅಧಿಕಾರ ಮಾತ್ರ ಇರುವ ಬೇರೆ ಖಾತೆ ಕೊಡಿ.

ಹಾರ್ಡ್ ಡಿಸ್ಕ್ ಲೆಕ್ಕ ಸುಲಭ: ಸೆಕೆಂಡಿಗೆ 2 ಮೆಗಾಬಿಟ್‌ನ ಒಂದು ಕ್ಯಾಮೆರಾ ದಿನಕ್ಕೆ ಸುಮಾರು 21 ಜಿಬಿ ತಿನ್ನುತ್ತದೆ. ನಾಲ್ಕು ಕ್ಯಾಮೆರಾಗಳಿದ್ದರೆ 1 ಟಿಬಿ ಹನ್ನೊಂದು ದಿನಕ್ಕೇ ತುಂಬುತ್ತದೆ. ಮೊಬೈಲ್‌ನಲ್ಲಿ ಚಿತ್ರ ತಡವರಿಸಿದರೆ ಸಬ್ ಸ್ಟ್ರೀಮ್ (ಕಡಿಮೆ ಸ್ಪಷ್ಟತೆಯ ಹಗುರ ಚಿತ್ರ) ಆರಿಸಿಕೊಳ್ಳಿ.

ವಿದ್ಯುತ್ ಹೋದಾಗ ರೆಕಾರ್ಡರ್‌ಗಷ್ಟೇ ಅಲ್ಲ, ರೌಟರ್‌ಗೂ ಕ್ಯಾಮೆರಾಗಳಿಗೂ ಯುಪಿಎಸ್ ಬೇಕು. ಕಳ್ಳನಿಗೆ ಕತ್ತಲೆಯೇ ಅನುಕೂಲ. ಆಗಲೇ ನಮ್ಮ ಕಣ್ಣು ಮುಚ್ಚಿದರೆ ಹೇಗೆ?