ಪ್ರೋಟೀನ್ ಪೊರೆಯನ್ನು ಬಗ್ಗಿಸುತ್ತದಾ? ಗುಳ್ಳೆಯಿಂದ ಕೊಳವೆ ಎಳೆದು ನೋಡಿದ ಅನುಭವ

ಜೀವಕೋಶದೊಳಗೆ ಸರಕು ಸಾಗಬೇಕಾದರೆ ಪೊರೆ ಬಾಗಲೇಬೇಕು. ಅದು ಉಬ್ಬಿ, ಕತ್ತು ಕಿರಿದಾಗಿ, ಪುಟ್ಟ ಚೀಲವಾಗಿ ಕಳಚಿಕೊಳ್ಳಬೇಕು. ಕ್ಲಾಥ್ರಿನ್ ಅನ್ನೋ ಪ್ರೋಟೀನ್ ಸುತ್ತ ಪಂಜರ ಕಟ್ಟುತ್ತದೆ, ಡೈನಮಿನ್ ಅನ್ನೋ ಇನ್ನೊಂದು ಕತ್ತಿಗೆ ಸುತ್ತಿಕೊಂಡು ತುಂಡರಿಸುತ್ತದೆ. ನನ್ನ ತಲೆ ತಿಂದದ್ದು ಇವೆರಡರ ಜೊತೆಗಾರ ಪ್ರೋಟೀನ್ ಆಂಫಿಫೈಸಿನ್. ಇದರಲ್ಲಿ ಪೊರೆಗೆ ಅಂಟುವ, ಬಾರ್ (BAR) ಅನ್ನೋ ಭಾಗ ಅರ್ಧಚಂದ್ರದ ಹಾಗೆ ಬಾಗಿದೆ, ಒಳಬದಿಯಲ್ಲಿ ಪಾಸಿಟಿವ್ ಚಾರ್ಜ್. ಇದು ಪೊರೆಯನ್ನು ಬಗ್ಗಿಸುತ್ತದೋ, ಇಲ್ಲ ಮೊದಲೇ ಬಾಗಿರುವ ಜಾಗ ಹುಡುಕಿ ಕೂರುತ್ತದೋ?

ಜೀವಂತ ಕೋಶದಲ್ಲಿ ಇದನ್ನು ಬಿಡಿಸಿ ನೋಡೋದು ಕಷ್ಟ. ಅಲ್ಲಿ ಎಷ್ಟೋ ಪ್ರೋಟೀನ್‌ಗಳು ಒಟ್ಟಿಗೆ ಕೈ ಹಾಕಿರುತ್ತವೆ. ಹಾಗಾಗಿ ಬರೀ ಲಿಪಿಡ್‌ನಿಂದ (ಪೊರೆ ಕಟ್ಟುವ ಕೊಬ್ಬಿನಂಥ ಅಣುಗಳಿಂದ) ಗುಳ್ಳೆ ಮಾಡಿಕೊಂಡೆ. ಕರೆಂಟ್ ಹಾಯುವ ಲೇಪನದ ಗಾಜಿನ ಮೇಲೆ ಲಿಪಿಡ್ ಸವರಿ, ಚೆನ್ನಾಗಿ ಒಣಗಿಸಿ, ಸುಕ್ರೋಸ್ ದ್ರಾವಣ ತುಂಬಿ, 10 ಹರ್ಟ್ಜ್ ಎಸಿ ಕೊಟ್ಟು ಕೆಲವು ಗಂಟೆ ಬಿಡಬೇಕು. ಮಿಶ್ರಣದಲ್ಲಿ ನೆಗೆಟಿವ್ ಚಾರ್ಜ್ ಇರುವ ಲಿಪಿಡ್ ಬೇಕೇ ಬೇಕು, ಇಲ್ಲದಿದ್ದರೆ ಪ್ರೋಟೀನ್ ಹತ್ತಿರವೂ ಸುಳಿಯುವುದಿಲ್ಲ. ಹೊರಗಿನ ದ್ರಾವಣದ ಆಸ್ಮೊಲಾರಿಟಿಯನ್ನು, ಅಂದರೆ ಕರಗಿದ ಕಣಗಳ ಸಾಂದ್ರತೆಯನ್ನು, ಒಳಗಿನದಕ್ಕಿಂತ ತುಸು ಜಾಸ್ತಿ ಇಡುತ್ತೇನೆ. ಆಗ ಗುಳ್ಳೆಯಿಂದ ಸ್ವಲ್ಪ ನೀರು ಹೊರಬಂದು ಪೊರೆ ಸಡಿಲವಾಗುತ್ತದೆ. ಬಿಗಿದುಕೊಂಡ ಗುಳ್ಳೆಯನ್ನು ಮುಟ್ಟಿದರೆ ಒಡೆಯುತ್ತದೆ. ಗುಳ್ಳೆ ಹಿಡಿಯುವ ಸಣ್ಣ ಗಾಜಿನ ನಳಿಗೆಯ, ಅಂದರೆ ಪಿಪೆಟ್‌ನ, ತುದಿಗೆ ಕೇಸಿನ್ (ಹಾಲಿನ ಪ್ರೋಟೀನ್) ಲೇಪಿಸೋದೂ ಅಷ್ಟೇ ಮುಖ್ಯ, ಇಲ್ಲದಿದ್ದರೆ ಪೊರೆ ಗಾಜಿಗೆ ಅಂಟಿಕೊಂಡು ಕೂರುತ್ತದೆ.

ನಂತರದ್ದು ತಾಳ್ಮೆಯ ಕೆಲಸ. ಪಿಪೆಟ್ ಗುಳ್ಳೆಯನ್ನು ಹೀರಿ ಹಿಡಿಯುತ್ತದೆ. ಎಷ್ಟು ಹೀರುತ್ತೇವೋ ಪೊರೆ ಅಷ್ಟು ಬಿಗಿ. ಲೇಸರ್ ಚಿಮಟದಲ್ಲಿ, ಅಂದರೆ ಬೆಳಕಿನ ಕಿರಣದಲ್ಲಿ, ಹಿಡಿದ ಸ್ಟ್ರೆಪ್ಟಾವಿಡಿನ್ ಲೇಪದ ಪುಟ್ಟ ಮಣಿಯನ್ನು, ಅದಕ್ಕೆ ಗಟ್ಟಿಯಾಗಿ ಅಂಟುವ ಬಯೋಟಿನ್ ಇರುವ ಪೊರೆಗೆ ತಾಗಿಸಿ ಮೆಲ್ಲಗೆ ಹಿಂದಕ್ಕೆ ಎಳೆದರೆ ಕೊಳವೆಯೊಂದು ಹೊರಡುತ್ತದೆ. ಅಗಲ ಕೆಲವೇ ಹತ್ತು ನ್ಯಾನೊಮೀಟರ್. ಸಾಮಾನ್ಯ ಮೈಕ್ರೊಸ್ಕೋಪಿಗೆ ಅದು ಬರೀ ಹೊಳೆಯುವ ಗೆರೆ. ಹಾಗಾಗಿ ಅಗಲವನ್ನು ಅಳೆಯುವುದಿಲ್ಲ, ಗೆರೆಯ ಹೊಳಪನ್ನು ಗುಳ್ಳೆಯ ಹೊಳಪಿಗೆ ಹೋಲಿಸಿ ಲೆಕ್ಕ ಹಾಕುತ್ತೇನೆ. ಪ್ರೋಟೀನ್ ಇಲ್ಲದಿರುವಾಗ ಹೀರುವಿಕೆ ಹೆಚ್ಚಿಸಿದರೆ ಕೊಳವೆ ಸಣ್ಣಗಾಗುತ್ತದೆ, ಮಣಿಯನ್ನು ಎಳೆಯುವ ಬಲ ಏರುತ್ತದೆ. ಇದು ಸರಿಯಾಗಿ ಬಾರದೆ ನಾನು ಮುಂದಕ್ಕೆ ಹೋಗುವುದಿಲ್ಲ.

ಆಮೇಲೆ ಬಣ್ಣ ಹಚ್ಚಿದ ಆಂಫಿಫೈಸಿನ್ ಒಂಚೂರು ಬಿಟ್ಟೆ. ಗುಳ್ಳೆಯ ಮೈ ಮಂಕಾಗಿತ್ತು, ಕೊಳವೆ ಮಾತ್ರ ಹಸಿರಾಗಿ ಬೆಳಗಿತು. ಕೊಳವೆ ಸಣ್ಣಗಾದಷ್ಟೂ ಪ್ರೋಟೀನ್ ಅಲ್ಲಿ ಜಾಸ್ತಿ ಸೇರುತ್ತಿತ್ತು. ಆದರೆ ಬಲ ಹೆಚ್ಚುಕಡಿಮೆ ಪ್ರೋಟೀನ್ ಇಲ್ಲದಾಗ ಇದ್ದಷ್ಟೇ ಇತ್ತು. ಅಂದರೆ ಅದು ಬಾಗಿದ ಜಾಗವನ್ನು ಹುಡುಕಿಕೊಂಡು ಬಂದಿತ್ತು, ಅಷ್ಟೇ.

ಇನ್ನಷ್ಟು ಪ್ರೋಟೀನ್ ಬಿಟ್ಟಾಗ ಆಟ ಬದಲಾಯಿತು. ಬಲ ಇಳಿಯಿತು. ಹೀರುವಿಕೆ ಹೆಚ್ಚಿಸಿದರೂ, ತಗ್ಗಿಸಿದರೂ ಕೊಳವೆಯ ಅಗಲ ಕದಲಲಿಲ್ಲ. ಒತ್ತಾಗಿ ಕೂತ ಪ್ರೋಟೀನ್ ತನ್ನ ಬಾಗನ್ನೇ ಕೊಳವೆಗೆ ಕೊಟ್ಟುಬಿಟ್ಟಿತ್ತು. ಅಂದರೆ ಎರಡೂ ಕೆಲಸ ಅದರದ್ದೇ, ಯಾವುದು ನಡೆಯುತ್ತದೆ ಅನ್ನೋದು ಎಷ್ಟು ಒತ್ತಾಗಿ ಕೂತಿದೆ ಅನ್ನುವುದರ ಮೇಲೆ ನಿಂತಿದೆ.

ಬಿಗಿತವನ್ನೂ ಮರೆಯಬಾರದು. ಬಿಗಿದ ಗುಳ್ಳೆಗೆ ಬರೀ ಪ್ರೋಟೀನ್ ಹಾಕಿ, ಏನೂ ಎಳೆಯದೆ ಕಾದರೆ ಅದು ದುಂಡಗೇ ಇರುತ್ತದೆ. ಹೀರುವುದನ್ನು ಸಡಿಲಿಸಿದರೆ ಅದೇ ಗುಳ್ಳೆಯ ಮೈಯಿಂದ ಸಣ್ಣ ಕೊಳವೆಗಳು ತಾವಾಗಿಯೇ ಹೊರಡಬಹುದು.