ಭರಣಿಯ ತಳ ನೋಡಲು ಕಲಿತದ್ದು

ಕುಂದಾಪುರದ ಹತ್ತಿರ ಹಳೆಯ ಮನೆಯೊಂದನ್ನು ಕೆಡವುತ್ತಿದ್ದಾರೆಂದು ತಿಳಿದು ಹೋದಾಗ ಆ ಭರಣಿ ದನದ ಹಟ್ಟಿಯ ಮೂಲೆಯಲ್ಲಿ ಬೂದಿ ತುಂಬಿಕೊಂಡು ನಿಂತಿತ್ತು. ಒಂದೂವರೆ ಅಡಿ ಎತ್ತರ, ಹಳೆ ಹುಣಸೆಹಣ್ಣಿನ ಬಣ್ಣದ ಮೆರುಗು (ಮಣ್ಣಿನ ಮೇಲಿನ ಗಾಜಿನಂಥ ಲೇಪ), ಹೆಗಲಿನ ಸುತ್ತ ನಾಲ್ಕು ಸಣ್ಣ ಕಿವಿ. ಅದರಲ್ಲಿ ಒಂದು ಮುರಿದಿತ್ತು. ಮನೆಯ ಹಿರಿಯಮ್ಮ, "ಅದ್ ಒಡ್ದದ್ ಮಾರಾಯ್ರೆ, ತಕಂಡ್ ಹೋಯಿ ಎಂತ ಮಾಡ್ತ್ರಿ?" ಎಂದು ಕೇಳಿದರು. ಬೂದಿ ಚೆಲ್ಲಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಮಗುಚಿ ತಳ ನೋಡಿದೆ. ಮೆರುಗಿಲ್ಲದ ಒರಟು ಬೂದುಬಣ್ಣದ ಮಣ್ಣು, ಅದರಲ್ಲಿ ಸಾಸಿವೆ ಗಾತ್ರದ ಕಪ್ಪು ಚುಕ್ಕಿಗಳು. ತಳದ ಅಂಚು ಒಂದೇ ಕಡೆ ಹೆಚ್ಚು ಸವೆದಿತ್ತು. ಯಾರೋ ವರ್ಷಗಟ್ಟಲೆ ಅದನ್ನು ಅದೇ ಬದಿಗೆ ವಾಲಿಸಿ ಉಪ್ಪಿನಕಾಯಿ ತೆಗೆದಿದ್ದರು.

ಇಂಥ ಭರಣಿಗಳನ್ನು ಉತ್ತರ ಭಾರತದಲ್ಲಿ ಮರ್ತಬಾನ್ ಎನ್ನುತ್ತಾರೆ. ಬರ್ಮಾದ ಮರ್ತಬಾನ್ ಬಂದರಿನಿಂದ ಬಂದ ಹೆಸರು ಅದು. ಆ ಬಂದರಿನ ಮೂಲಕ ಸಾಗಿದವುಗಳಲ್ಲಿ ಬರ್ಮಾದಲ್ಲಿ ಸುಟ್ಟವೂ ಇದ್ದವು, ದಕ್ಷಿಣ ಚೀನಾದವೂ ಇದ್ದವು. ನಮ್ಮ ಹೊನ್ನಾವರ, ಮಂಗಳೂರುಗಳನ್ನು ಕಂಡು ಹೋದ ಇಬ್ನ್ ಬತೂತಾ 14ನೇ ಶತಮಾನದಲ್ಲೇ ಮರ್ತಬಾನ್‌ಗಳ ಬಗ್ಗೆ ಬರೆದಿದ್ದಾನೆ. ಹಡಗಿನ ಪ್ರಯಾಣಕ್ಕೆಂದು ಅವುಗಳಲ್ಲಿ ಶುಂಠಿ, ಮೆಣಸು, ನಿಂಬೆ, ಮಾವನ್ನು ಉಪ್ಪು ಹಾಕಿ ತುಂಬಿದ್ದರಂತೆ. ಅದನ್ನು ಓದಿದ ದಿನ ನನಗೆ ನಮ್ಮ ಅಜ್ಜಿಯ ಉಗ್ರಾಣದ ವಾಸನೆ ಬಂದಂತಾಯಿತು.

ಹಳೆಯ ಪಾತ್ರೆ, ಮರದ ಸಾಮಾನುಗಳ ಸಂಗ್ರಹ ನಾನು ಶುರುಮಾಡಿದ್ದು 2004ರಲ್ಲಿ. ಮೊದಲ ಮೂರು ವರ್ಷ ತಳ ನೋಡುವ ಅಭ್ಯಾಸವೇ ಇರಲಿಲ್ಲ. ಬಣ್ಣ ಚೆನ್ನಾಗಿದೆಯೇ, ಆಕಾರ ಚೆನ್ನಾಗಿದೆಯೇ, ಅಷ್ಟೇ. ಒಬ್ಬ ವ್ಯಾಪಾರಿಯ ಬಳಿ ನೀಲಿ-ಬಿಳಿ ಹೂದಾನಿಗೆ ಹದಿನೆಂಟು ಸಾವಿರ ಕೊಟ್ಟೆ. ಅಡಿಯಲ್ಲಿ ಆರು ಚೀನೀ ಅಕ್ಷರಗಳ ಮುದ್ರೆ ಇತ್ತು. 1736ರಿಂದ 1795ರವರೆಗೆ ಆಳಿದ ಚಿಯೆನ್‌ಲುಂಗ್ ಚಕ್ರವರ್ತಿಯ ಕಾಲದ್ದು ಎಂದು ನಂಬಿಸಿದ್ದರು. ಮನೆಗೆ ತಂದು ತೊಳೆಯುವಾಗ ತಳದ ಉಂಗುರದ ಕೊಳೆ ಹೆಬ್ಬೆರಳಿಗೆ ಅಂಟಿಕೊಂಡು ಬಂತು. ಕೆಳಗೆ ಹೊಸ ಸುಣ್ಣದಂಥ ಬಿಳುಪು. ಹೊಟ್ಟೆಯ ಮೇಲಿನ ಗೀರುಗಳೆಲ್ಲ ಒಂದೇ ದಿಕ್ಕಿಗೆ ಇದ್ದವು, ಉಪ್ಪುಕಾಗದ ಹಾಕಿ ಎಳೆದ ಹಾಗೆ. ನಿಜವಾಗಿ ಬಳಸಿದ ಪಾತ್ರೆಯಲ್ಲಿ ಗೀರು ಎಲ್ಲ ದಿಕ್ಕಿಗೂ ಇರುತ್ತದೆ, ಕೈ ತಾಗುವ ಕಡೆ, ನೆಲ ತಾಗುವ ಕಡೆ ಮಾತ್ರ ದಟ್ಟವಾಗಿರುತ್ತದೆ. ಆ ದುಡ್ಡು ಹೋದ ನೋವು ಬಹಳ ದಿನ ಇತ್ತು.

ಮುದ್ರೆಯನ್ನು ನಂಬಿ ಕಾಲ ಹೇಳಬಾರದು ಎನ್ನುವುದು ಆಮೇಲೆ ತಿಳಿಯಿತು. ಇದರಲ್ಲಿ ಮೋಸ ಮಾಡುವವರ ಪಾತ್ರ ಮಾತ್ರವಲ್ಲ, ಹಿಂದಿನ ಕಾಲದ ಕೆಲಸಕ್ಕೆ ಕುಂಬಾರರು ತೋರಿದ ಗೌರವದ ಪಾತ್ರವೂ ಇದೆ. ಕಾಂಗ್‌ಶಿ ಚಕ್ರವರ್ತಿಯ ಕಾಲದಲ್ಲಿ, ಅಂದರೆ 1662ರಿಂದ 1722ರ ನಡುವೆ, ಚಿಂಗ್‌ತೆಚೆನ್ ಎಂಬ ಚೀನಾದ ಪಿಂಗಾಣಿ ಊರಿನ ಕುಂಬಾರರು ತಮಗಿಂತ ಇನ್ನೂರು ವರ್ಷ ಹಿಂದಿನ ಚೆಂಗ್‌ಹುವಾ ಆಳ್ವಿಕೆಯ ಮುದ್ರೆಯನ್ನು ಹಾಕುತ್ತಿದ್ದರು. ಅದಕ್ಕಿಂತ ಇಂಗ್ಲಿಷ್ ಅಕ್ಷರವೇ ಹೆಚ್ಚು ಸಹಾಯ ಮಾಡುತ್ತದೆ. ಆಮದಾಗುವ ಸಾಮಾನಿನ ಮೇಲೆ ದೇಶದ ಹೆಸರು ಇರಬೇಕೆಂದು ಅಮೆರಿಕ 1891ರಿಂದ ಕಡ್ಡಾಯ ಮಾಡಿತು. ಹಾಗಾಗಿ 'ಚೈನಾ' ಎಂದು ಇಂಗ್ಲಿಷಿನಲ್ಲಿ ಒತ್ತಿದ ತಟ್ಟೆಯನ್ನು ಯಾರಾದರೂ ಮುನ್ನೂರು ವರ್ಷ ಹಳೆಯದೆಂದರೆ ಕೆಳಗಿಟ್ಟು ಬನ್ನಿ.

ಕಲಿಯಲು ನಾನು ಹೈದರಾಬಾದಿನ ಸಾಲಾರ್‌ಜಂಗ್ ಮ್ಯೂಸಿಯಮ್ಮಿಗೆ ನಾಲ್ಕು ಸಲ ಹೋದೆ. ಅಲ್ಲಿಯ ಹಸಿರು ಮೆರುಗಿನ ಸೆಲಡಾನ್ ಪಾತ್ರೆಗಳ ಮುಂದೆ ಗಂಟೆಗಟ್ಟಲೆ ನಿಂತಿದ್ದೇನೆ. ವಿಷ ಬೆರೆಸಿದ ಊಟ ಬಡಿಸಿದರೆ ಇವು ಬಿರುಕು ಬಿಡುತ್ತವೆ ಎಂದು ನಮ್ಮ ಅರಸೊತ್ತಿಗೆಗಳು ನಂಬಿದ್ದವು. ಆದರೆ ಗಾಜಿನ ಆಚೆಗಿನ ವಸ್ತುವಿನಿಂದ ಕಣ್ಣು ಕಲಿಯುತ್ತದೆ, ಕೈ ಕಲಿಯುವುದಿಲ್ಲ. ಕೈಗೆ ಪಾಠ ಹೇಳಿದ್ದು ಒಡಕು ಚೂರುಗಳು. ಹಳೆ ಮನೆಗಳಲ್ಲಿ ಒಡೆದ ಬಸಿ, ಬಟ್ಟಲು ಕಂಡರೆ ಕೇಳಿ ತರುತ್ತೇನೆ. ಒಡೆದ ಅಂಚಿನಲ್ಲಿ ಎಲ್ಲವೂ ಕಾಣುತ್ತದೆ. ಪಿಂಗಾಣಿಯಾದರೆ ಒಳಗಿನ ಮಣ್ಣೂ ಮೇಲಿನ ಮೆರುಗೂ ಒಂದಾಗಿ ಗಾಜಿನಂತೆ ಹೊಳೆಯುತ್ತವೆ. ಕಡಿಮೆ ಶಾಖದಲ್ಲಿ ಸುಟ್ಟದ್ದಾದರೆ ಮೆರುಗು ಸಿಪ್ಪೆಯ ಹಾಗೆ ಬೇರೆಯಾಗಿ ನಿಂತಿರುತ್ತದೆ, ಅಂಚಿಗೆ ಒಂದು ಹನಿ ನೀರು ಬಿಟ್ಟರೆ ಕುಡಿದುಬಿಡುತ್ತದೆ. ಚೂರು ಹೆಕ್ಕುವ ಆಸೆಗೆ ಹಂಪಿಯಂಥ ಜಾಗದಲ್ಲಿ ಮಾತ್ರ ಬಗ್ಗಬೇಡಿ. ಅಲ್ಲಿಯ ಉತ್ಖನನದಲ್ಲಿ ಚೀನೀ ಪಿಂಗಾಣಿಯ ಚೂರುಗಳು ಸಿಕ್ಕಿವೆ. ಅವು ಇದ್ದ ಜಾಗದಲ್ಲಿ ಇದ್ದರಷ್ಟೇ ಇತಿಹಾಸ, ನಮ್ಮ ಜೇಬಿಗೆ ಬಂದರೆ ಕಳವು.

ಬೂದಿ ತುಂಬಿದ್ದ ಭರಣಿಗೆ ಬರುತ್ತೇನೆ. ಆ ಮಳೆಗಾಲದಲ್ಲಿ ಅದರ ತಳದಿಂದ ಬಿಳಿ ಪುಡಿ ಹೊರಗೆ ಬರತೊಡಗಿತು. ಅಲ್ಲಲ್ಲಿ ಮೆರುಗು ಉಗುರಿನಷ್ಟು ಎದ್ದಿತು. ತಲೆಮಾರುಗಳ ಉಪ್ಪಿನಕಾಯಿಯ ಉಪ್ಪು ಮಣ್ಣಿನೊಳಗೆ ಇಳಿದಿರುತ್ತದೆ. ಗಾಳಿಯ ತೇವಕ್ಕೆ ಅದು ಕರಗುತ್ತದೆ, ಒಣಗಿದಾಗ ಮತ್ತೆ ಹರಳುಗಟ್ಟಿ ಮೆರುಗನ್ನು ಒಳಗಿನಿಂದ ದೂಡುತ್ತದೆ. ದೊಡ್ಡ ಪ್ಲಾಸ್ಟಿಕ್ ಟಬ್ಬಿನಲ್ಲಿ ಭರಣಿಯನ್ನು ಮುಳುಗಿಸಿಟ್ಟು ಎರಡು ದಿನಕ್ಕೊಮ್ಮೆ ನೀರು ಬದಲಿಸಿದೆ. ಕುಡಿಯುವ ನೀರಿನಲ್ಲಿ ಎಷ್ಟು ಲವಣ ಕರಗಿದೆ ಎಂದು ತೋರಿಸುವ ಟಿಡಿಎಸ್ ಮೀಟರ್ ಇತ್ತು. ನಮ್ಮ ಬಾವಿಯ ನೀರು 70 ತೋರಿಸುತ್ತಿತ್ತು, ಎರಡು ದಿನ ಭರಣಿ ನೆನೆದ ಮೇಲೆ ಅದೇ ನೀರು 640. ಒಂದು ವಾರಕ್ಕೆ 400ಕ್ಕೆ ಇಳಿಯಿತು. ಐದನೇ ವಾರ 80ರಲ್ಲಿ ನಿಂತಾಗ ಹೊರಗೆ ತೆಗೆದು ನೆರಳಿನಲ್ಲಿ ಇಪ್ಪತ್ತು ದಿನ ಒಣಗಿಸಿದೆ. ಅಲ್ಲಿಂದ ಹನ್ನೊಂದು ಮಳೆಗಾಲ ಕಳೆದಿದೆ, ಪುಡಿ ಬಂದಿಲ್ಲ. ಚಿನ್ನದ ರೇಖೆ ಇರುವ, ಮೆರುಗಿನ ಮೇಲೆ ಬಣ್ಣ ಬರೆದ, ಅಂಟು ಹಾಕಿ ಕೂಡಿಸಿದ ವಸ್ತುಗಳಿಗೆ ಈ ಸ್ನಾನ ಸಲ್ಲದು. ಹಳೆಯ ಭರಣಿಗೆ ಮತ್ತೆ ಉಪ್ಪಿನಕಾಯಿ ಹಾಕುವುದೂ ಬೇಡ. ಕೆಲವು ಮೆರುಗುಗಳಲ್ಲಿ ಸೀಸ ಇರುತ್ತದೆ, ಹುಳಿಗೆ ಅದು ಕರಗುತ್ತದೆ.

ಮರದ ಸಾಮಾನಿನ ವಿಷಯದಲ್ಲಿ ನನ್ನ ಗುರು ನಮ್ಮೂರಿನ ಒಬ್ಬ ಆಚಾರ್ರು. ತಮಿಳುನಾಡಿನ ಕಾರೈಕುಡಿಯ ಮುನೀಶ್ವರನ್ ಕೋವಿಲ್ ಬೀದಿಯ ಹಳೆ ಸಾಮಾನಿನ ಅಂಗಡಿಗಳಿಗೆ ಮೊದಲ ಸಲ ಹೋದಾಗ ಅವರನ್ನೂ ಕರೆದುಕೊಂಡು ಹೋಗಿದ್ದೆ. ಬರ್ಮಾದಲ್ಲಿ ವ್ಯಾಪಾರ ಮಾಡಿದ ಚೆಟ್ಟಿಯಾರರ ಮನೆಗಳಿಂದ ಬಂದ ತೇಗದ ಕಂಬ, ಬಾಗಿಲುಗಳು ಅಲ್ಲಿ ಸಾಲಾಗಿ ಒರಗಿರುತ್ತವೆ. ಆಚಾರ್ರು ಕೆತ್ತನೆಯ ಕಡೆ ಕಣ್ಣೂ ಹಾಯಿಸಲಿಲ್ಲ. ಒಂದು ದುಂಡು ಮೇಜಿನ ಕೆಳಗೆ ತಲೆ ಹಾಕಿ, ಟೇಪು ಹಿಡಿದು ಮರದ ಎಳೆಯ ಉದ್ದಕ್ಕೂ ಅಡ್ಡಕ್ಕೂ ಅಳೆದರು. ಅಡ್ಡಕ್ಕೆ ಮೂರು ನೂಲು (ಇಂಚಿನ ಎಂಟನೇ ಒಂದು ಭಾಗ ಒಂದು ನೂಲು) ಕಡಿಮೆ. "ಮರ ಅಡ್ಡಕ್ಕೆ ಕುಗ್ಗುತ್ತದೆ, ಉದ್ದಕ್ಕೆ ಕುಗ್ಗುವುದಿಲ್ಲ. ಇದು ವಯಸ್ಸಾದ ಮೇಜೇ, ತಗೊಳ್ಳಿ" ಎಂದರು. ಗರಗಸದ ಗುರುತು ನೇರವಾಗಿ, ಏರುಪೇರಾಗಿದ್ದರೆ ಕೈಗರಗಸ, ಬಿಲ್ಲಿನಂತೆ ಬಾಗಿದ್ದರೆ ಯಂತ್ರದ ದುಂಡು ಗರಗಸ ಎಂದು ತೋರಿಸಿಕೊಟ್ಟವರೂ ಅವರೇ. ಕುಟ್ಟೆ ಹುಳುವಿನ ತೂತು ಕಂಡರೆ ಹೆದರಬೇಕಿಲ್ಲ. ಕೆಳಗೆ ಕಾಗದ ಹಾಸಿ ವಾರ ಬಿಟ್ಟು ನೋಡಿ, ಹೊಸ ಹಿಟ್ಟು ಉದುರಿದ್ದರೆ ಹುಳು ಇನ್ನೂ ಜೀವಂತ ಇರಬಹುದು. ಹಳೆಯ ಮೈಯನ್ನು ಉಜ್ಜಿ ತೆಗೆದು ಥಳಥಳ ಪಾಲಿಶ್ ಹಾಕುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಜೇನುಮೇಣ, ಮೆತ್ತನೆ ಬಟ್ಟೆ, ತಾಳ್ಮೆ ಇದ್ದರೆ ಸಾಕು.

ಕೆತ್ತನೆಗಳನ್ನು ನಾನು ಹೆಚ್ಚು ಕೊಂಡಿಲ್ಲ. ಒಂದು ಊರಿನ ಅಂಗಡಿಯ ಹಿಂದಿನ ಕೋಣೆಯಲ್ಲಿ ರಥದಿಂದ ಕಳಚಿದ ಹಲಗೆಗಳನ್ನು ತೋರಿಸಿದರು. ಒಂದರಲ್ಲಿ ಸಿಂಹದಂಥ ಕಲ್ಪನೆಯ ಪ್ರಾಣಿ ಯಾಳಿ, ಅದರ ಹಣೆಯ ಸಂದಿನಲ್ಲಿ ಕುಂಕುಮ ಇನ್ನೂ ಹಾಗೇ ಇತ್ತು. ಎಲ್ಲಿಯ ರಥ ಎಂದು ಕೇಳಿದೆ. ಉತ್ತರ ಬರಲಿಲ್ಲ. ಎದ್ದು ಬಂದೆ. ಕಾನೂನೂ ಸ್ಪಷ್ಟವಿದೆ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕಲಾವಸ್ತು ಪುರಾವಸ್ತು. ಮರದ ಶಿಲ್ಪ, ಲೋಹ ಮತ್ತು ಕಲ್ಲಿನ ಮೂರ್ತಿಗಳನ್ನು ನೋಂದಾಯಿಸಬೇಕು. ಪುರಾವಸ್ತುಗಳ ವ್ಯಾಪಾರ ಮಾಡುವವರಿಗೆ ಪರವಾನಗಿ ಬೇಕು. ಖಾಸಗಿಯವರು ಇಂಥದ್ದನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಬಹ್ರೇನಿನಲ್ಲಿರುವ ನನ್ನ ಅಕ್ಕನ ಮಗ, "ಮಾವ, ಒಂದು ಭರಣಿ ಕೊಡಿ, ಇಲ್ಲಿ ಮನೆಯ ಹಾಲ್‌ನಲ್ಲಿ ಇಡುತ್ತೇನೆ" ಎಂದು ಕೇಳಿದಾಗ ಇದನ್ನೇ ಹೇಳಿ, ರಜೆಗೆ ಬಂದಾಗ ನೋಡಲು ಹೇಳಿದೆ.

ಮನೆಗಳಿಂದ ಕೊಳ್ಳುವಾಗ ನನಗೆ ತಿಳಿದಿರುವ ಬೆಲೆಯನ್ನು ಮೊದಲೇ ಹೇಳುತ್ತೇನೆ. ಅಜ್ಜಿಗೆ ಗೊತ್ತಿಲ್ಲವೆಂದು ನೂರಕ್ಕೆ ತಂದ ವಸ್ತುವನ್ನು ಮನೆಯಲ್ಲಿಟ್ಟುಕೊಂಡು ನೋಡುವುದು ನನ್ನಿಂದಾಗದು. ಒಂದು ಪುಸ್ತಕದಲ್ಲಿ ಯಾವ ಮನೆ, ಯಾರು ಕೊಟ್ಟದ್ದು, ಅದರಲ್ಲಿ ಏನು ಇಡುತ್ತಿದ್ದರು, ಎಷ್ಟು ಕೊಟ್ಟೆ ಎಂದು ಬರೆದು ಅವರ ಸಹಿ ಹಾಕಿಸುತ್ತೇನೆ. ಬೂದಿಯ ಭರಣಿಯ ಪುಟದಲ್ಲಿ ಆ ಹಿರಿಯಮ್ಮ ಹೇಳಿದ್ದು ಹೀಗಿದೆ: ಅವರ ಅತ್ತೆ ಮದುವೆಯಾಗಿ ಬರುವಾಗಲೇ ಅದು ಇತ್ತು, ಅಪ್ಪೆಮಿಡಿಗೆ ಬಿಟ್ಟು ಬೇರೆ ಯಾವುದಕ್ಕೂ ಬಳಸುತ್ತಿರಲಿಲ್ಲ.

ಹೋದ ತಿಂಗಳು ಬಸ್ರೂರಿನ ಕಡೆ ಒಂದು ಮನೆಯಲ್ಲಿ ಹಸಿರು ತಟ್ಟೆ ನೋಡಿದೆ. ಎದುರಿನಿಂದ ಕೂದಲೆಳೆಯಂಥ ಒಂದು ಗೆರೆ, ಅಷ್ಟೇ. ಮಗುಚಿದರೆ ಹಿಂದೆ ಏಳು ಹಿತ್ತಾಳೆ ಹೊಲಿಗೆ. ಎರಡು ಹೋಳಾದ ತಟ್ಟೆಯ ಹಿಂಬದಿಗೆ ಯಾರೋ ಆಚೆ ತಲುಪದಂತೆ ಅರ್ಧ ಆಳಕ್ಕೆ ಮಾತ್ರ ತೂತು ಕೊರೆದು, ತಂತಿಯ ಕೊಂಡಿಗಳನ್ನು ಕೂರಿಸಿದ್ದಾರೆ. ಬಿಗಿಯಾಗಿ ಕೂತ ಕೊಂಡಿಗಳು ಎರಡೂ ಹೋಳನ್ನು ಎಳೆದು ಹಿಡಿದಿವೆ. ನೀರು ಹಾಕಿ ನೋಡಿದೆವು, ಒಂದು ಹನಿ ಸೋರಲಿಲ್ಲ. ಮಾರುವುದಿಲ್ಲ ಎಂದು ಮನೆಯವರು ಹೇಳಿದರು. ಫೋಟೊ ತೆಗೆದು, ಅಳತೆ ಬರೆದುಕೊಂಡು, ಅದನ್ನು ಮೊದಲಿದ್ದ ದೇವರ ಕೋಣೆಯ ಗೂಡಿನಲ್ಲೇ ಇಟ್ಟು ಬಂದೆ.