ಆನ್ ಮಾಡಿದಾಗಲೆಲ್ಲ ಡಿಸ್ಕ್ ಚೆಕ್ ಬರ್ತಿದೆಯಾ?

ಕಂಪ್ಯೂಟರ್ ಕೈಕೊಟ್ಟರೆ ನಮ್ಮ ಬಳಗದವರು ಮೊದಲು ಫೋನ್ ಮಾಡುವುದು ನನಗೇ. "ಆನ್ ಮಾಡಿದಾಗಲೆಲ್ಲ ಡಿಸ್ಕ್ ಚೆಕ್ ಮಾಡ್ತಾ ಕೂರುತ್ತೆ, ಇದನ್ನ ನಿಲ್ಲಿಸೋದು ಹೇಗೆ?" ಅಂತ ಕೇಳುತ್ತಾರೆ. ನಿಲ್ಲಿಸುವುದು ಒಂದೇ ಸಾಲಿನ ಕೆಲಸ. ಆದರೆ ಅದನ್ನು ನಾನು ಬೇಕಂತಲೇ ಕೊನೆಗೆ ಹೇಳುತ್ತೇನೆ.

ವಿಂಡೋಸ್ ಸುಮ್ನೆ ಚೆಕ್ ಮಾಡುವುದಿಲ್ಲ. ಪ್ರತಿ ಡ್ರೈವ್‌ಗೂ 'ಡರ್ಟಿ ಬಿಟ್' ಅಂತ ಒಂದು ಗುರುತು ಇರುತ್ತದೆ. ಫೈಲ್ ಸಿಸ್ಟಂನಲ್ಲಿ (ಡ್ರೈವ್‌ನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ) ಎಡವಟ್ಟು ಕಂಡರೆ ಆ ಗುರುತು ಬೀಳುತ್ತದೆ. ಕೆಲಸದ ನಡುವೆ ಕರೆಂಟ್ ಹೋದಾಗಲೂ ಹೀಗಾಗಬಹುದು. ಮುಂದಿನ ಸಲ ಆನ್ ಆಗುವಾಗ ವಿಂಡೋಸ್ ಅದನ್ನು ನೋಡಿ ಚೆಕ್ ಶುರು ಮಾಡುತ್ತದೆ.

ಗುರುತು ಬಿದ್ದಿದೆಯಾ ಅಂತ ಮೊದಲು ಕೇಳಿ. ಸ್ಟಾರ್ಟ್ ಮೆನುವಿನಲ್ಲಿ ಕಮಾಂಡ್ ಪ್ರಾಂಪ್ಟ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ಹುಡುಕಿ, ಅದರ ಮೇಲೆ ರೈಟ್ ಕ್ಲಿಕ್ ಮಾಡಿ, ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. 'ಎಫ್‌ಎಸ್‌ಯುಟಿಲ್ ಡರ್ಟಿ ಕ್ವೆರಿ ಸಿ:' ಅಂತ ಕೊಡಿ. (ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರದಲ್ಲೇ, ಇಲ್ಲಿ ಓದುವ ಹಾಗೆ ಬರೆದಿದ್ದೇನೆ.) 'ನಾಟ್ ಡರ್ಟಿ' ಅಂದರೆ ಡ್ರೈವ್ ಮೇಲೆ ಗುರುತಿಲ್ಲ.

'ಡರ್ಟಿ' ಅಂದರೆ 'ಚೆಕ್‌ಡಿಸ್ಕ್ ಸಿ: /ಎಫ್' ಕೊಡಿ. ಟೈಪ್ ಮಾಡುವಾಗ ಸಿ-ಎಚ್-ಕೆ-ಡಿ-ಎಸ್-ಕೆ. ಡ್ರೈವ್ ಬಳಕೆಯಲ್ಲಿದೆ, ಮುಂದಿನ ಸಲ ಆನ್ ಆಗುವಾಗ ಮಾಡಲಾ ಅಂತ ಕೇಳುತ್ತದೆ. ವೈ ಒತ್ತಿ ರೀಸ್ಟಾರ್ಟ್ ಮಾಡಿ. '/ಆರ್' ಸದ್ಯಕ್ಕೆ ಬೇಡ. ಅದು ಕೆಟ್ಟ ಸೆಕ್ಟರ್ (ಡಿಸ್ಕ್‌ನಲ್ಲಿ ಹಾಳಾದ ಜಾಗ) ಹುಡುಕುತ್ತಾ ಡಿಸ್ಕ್ ಪೂರ್ತಿ ಓದುತ್ತದೆ, ದೊಡ್ಡ ಹಾರ್ಡ್ ಡಿಸ್ಕ್ ಆದರೆ ಗಂಟೆಗಟ್ಟಲೆ ಹಿಡಿಯುತ್ತದೆ. ಪರ್ಸೆಂಟ್ ಒಂದೇ ಕಡೆ ನಿಂತಿದೆ ಅಂತ ಪವರ್ ಬಟನ್ ಒತ್ತಿಬಿಡಬೇಡಿ. ರಿಪೇರಿ ಅರ್ಧಕ್ಕೆ ನಿಂತರೆ ತೊಂದರೆ ಜಾಸ್ತಿ.

ಜನ ನೋಡದೆ ಬಿಡುವ ಜಾಗ ಒಂದಿದೆ. ವಿಂಡೋಸ್ ಬರೆದಿಡುವ ದಾಖಲೆಗಳನ್ನು ತೋರಿಸುವ ಈವೆಂಟ್ ವ್ಯೂವರ್ ತೆರೆದು ವಿಂಡೋಸ್ ಲಾಗ್ಸ್, ಅಪ್ಲಿಕೇಶನ್ ಒಳಗೆ ಹೋಗಿ. 'ವಿನ್‌ಇನಿಟ್' ಹೆಸರಿನಲ್ಲಿ ಐಡಿ 1001 ಹುಡುಕಿ. ಚೆಕ್ ಮಾಡಿದ ಪೂರ್ತಿ ವರದಿ ಅಲ್ಲೇ ಇರುತ್ತದೆ. ಕೆಳಗೆ 'ಬ್ಯಾಡ್ ಸೆಕ್ಟರ್ಸ್' ಇರುವ ಸಾಲಿನಲ್ಲಿ 0 ಕೆಬಿ ಇರಬೇಕು. ಬೇರೆ ಅಂಕಿ ಕಂಡರೆ ಫೋಟೊ, ಫೈಲುಗಳನ್ನೆಲ್ಲ ಮೊದಲು ಬೇರೆ ಕಡೆ ಕಾಪಿ ಮಾಡಿ, ಉಳಿದದ್ದು ಆಮೇಲೆ. ಸರಿಪಡಿಸಿದ ಮೇಲೂ ಗುರುತು ಮತ್ತೆ ಮತ್ತೆ ಬೀಳುತ್ತಿದ್ದರೂ ಅಷ್ಟೇ. ಆಗ ಅನುಮಾನ ಡಿಸ್ಕ್ ಅಥವಾ ಅದರ ಕೇಬಲ್ ಮೇಲೆ.

ಚೆಕ್ ಶುರುವಾಗುವ ಮುನ್ನ ಕೌಂಟ್‌ಡೌನ್ ಬರುತ್ತದೆ ಅಲ್ವಾ? ಆಗ ಯಾವುದಾದರೂ ಕೀ ಒತ್ತಿದರೆ ಆ ಸಲಕ್ಕೆ ಬಿಟ್ಟುಬಿಡುತ್ತದೆ. ಆ ಸಮಯ ಬದಲಿಸಲು 'ಚೆಕ್‌ಎನ್‌ಟಿಎಫ್‌ಎಸ್ /ಟಿ:5', ಅಂದರೆ 5 ಸೆಕೆಂಡ್. ಟೈಪ್ ಮಾಡುವಾಗ ಸಿ-ಎಚ್-ಕೆ-ಎನ್-ಟಿ-ಎಫ್-ಎಸ್. ಸೊನ್ನೆ ಇಡಬೇಡಿ, ತಪ್ಪಿಸಲು ಅವಕಾಶವೇ ಸಿಗುವುದಿಲ್ಲ.

ಈಗ ನೀವು ಕೇಳಿದ ಸಾಲು: 'ಚೆಕ್‌ಎನ್‌ಟಿಎಫ್‌ಎಸ್ /ಎಕ್ಸ್ ಡಿ:'. ಡಿ ಡ್ರೈವ್‌ನ ಚೆಕ್ ನಿಲ್ಲುತ್ತದೆ. ಎರಡು ಡ್ರೈವ್ ಬಿಡಬೇಕಾದರೆ 'ಡಿ: ಇ:' ಅಂತ ಒಟ್ಟಿಗೆ ಕೊಡಿ. ಬೇರೆ ಬೇರೆಯಾಗಿ ಕೊಟ್ಟರೆ ಕೊನೆಯದು ಮಾತ್ರ ಉಳಿಯುತ್ತದೆ. ಸಿ ಡ್ರೈವ್‌ಗೆ ಮಾತ್ರ ನಾನು ಇದನ್ನು ಹಾಕುವುದಿಲ್ಲ, ಯಾರು ಎಷ್ಟು ಕೇಳಿದರೂ. ಕೌಂಟ್‌ಡೌನ್ ಸಮಯ ಬಿಟ್ಟು ಉಳಿದದ್ದೆಲ್ಲ ಮೊದಲಿನಂತಾಗಲು 'ಚೆಕ್‌ಎನ್‌ಟಿಎಫ್‌ಎಸ್ /ಡಿ' ಸಾಕು.